ಚೆಂಡು ಯಾಕೆ ನಿಂತಿತು? ಮಕ್ಕಳ ಜೊತೆ ತಳ್ಳು, ಎಳೆ, ಘರ್ಷಣೆ, ಸೂಜಿಗಲ್ಲು

ಬೇಸಿಗೆ ರಜೆ ಮುಗಿದು ಶಾಲೆ ಶುರುವಾಗಿ ಎರಡು ವಾರವೂ ಆಗಿರಲಿಲ್ಲ. ಒಂದನೇ ಕ್ಲಾಸಿನ ಮಗಳ ಡೈರಿಯಲ್ಲಿ ಒಂದು ಸಾಲು ಬಂತು: ‘ತಳ್ಳುವುದಕ್ಕೆ ಐದು, ಎಳೆಯುವುದಕ್ಕೆ ಐದು ಉದಾಹರಣೆ ಬರೆಸಿ ಕಳಿಸಿ.’ ಅಪ್ಪ ಅಮ್ಮಂದಿರ ವಾಟ್ಸಾಪ್ ಗುಂಪಿನಲ್ಲಿ ಸಂಜೆಯೊಳಗೆ ಪಟ್ಟಿ ಸಿದ್ಧವಾಯಿತು. ಬಾಗಿಲು ತಳ್ಳುವುದು, ಡ್ರಾಯರ್ ಎಳೆಯುವುದು, ತಳ್ಳುಗಾಡಿ, ಹಗ್ಗಜಗ್ಗಾಟ. ನಾನೂ ಅದನ್ನೇ ಬರೆಸಿದೆ.

ಮಾರನೇ ದಿನ ಹಜಾರದಲ್ಲಿ ಚೆಂಡು ಉರುಳಿಸಿಕೊಂಡು ಕೂತಿದ್ದವಳು ಕೇಳಿದಳು: “ನಾನು ತಳ್ಳಿದೆ, ಅದಕ್ಕೆ ಹೋಯ್ತು. ಯಾರೂ ಹಿಡೀಲಿಲ್ವಲ್ಲ, ಮತ್ತೆ ಯಾಕೆ ನಿಂತ್ಕೊಂತು?”

ಪಟ್ಟಿಯಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಆದರೆ ಇಡೀ ಪಾಠದ ಜೀವ ಇರುವುದು ಈ ಪ್ರಶ್ನೆಯಲ್ಲೇ. ಮನೆಯಲ್ಲಿ ಐದರಿಂದ ಎಂಟು ವರ್ಷದ ಮಕ್ಕಳಿದ್ದರೆ ನಿಮಗೂ ಇಂದೋ ನಾಳೆಯೋ ಇದು ಎದುರಾಗುತ್ತೆ. ಉತ್ತರ ಹೇಳಲು ವಿಜ್ಞಾನ ಓದಿರಬೇಕಿಲ್ಲ. ಒಂದು ಹಲಗೆ, ಒಂದು ಗೋಣಿಚೀಲ, ಒಂದು ಸೂಜಿಗಲ್ಲು (ಅಯಸ್ಕಾಂತ) ಇದ್ದರೆ ಸಾಕು.

ಬಲ ಅಂದರೆ ಏನು?

ತಳ್ಳುವುದು ಅಥವಾ ಎಳೆಯುವುದು. ಎರಡಕ್ಕೂ ಸೇರಿ ವಿಜ್ಞಾನದಲ್ಲಿ ಇಟ್ಟ ಹೆಸರು ಬಲ. ಇದಕ್ಕಿಂತ ದೊಡ್ಡ ವಿವರಣೆ ಈ ವಯಸ್ಸಿಗೆ ಬೇಕಾಗಿಲ್ಲ.

ಆದರೆ ಕನ್ನಡದಲ್ಲಿ ಇಲ್ಲೊಂದು ತೊಡಕಿದೆ. ‘ಬಲ’ ಅಂದ ತಕ್ಷಣ ಚಿಕ್ಕ ಮಕ್ಕಳು ಬಲಗೈ ಎತ್ತುತ್ತಾರೆ. ಸ್ವಲ್ಪ ದೊಡ್ಡವರು ತೋಳು ಮಡಚಿ ತೋರಿಸುತ್ತಾರೆ. ಬಲಶಾಲಿ, ಬಲವಂತ ಅಂತೆಲ್ಲ ಕೇಳಿ ಕೇಳಿ, ಬಲ ಅನ್ನುವುದು ಗಟ್ಟಿಮುಟ್ಟಾದವರ ಮೈಯೊಳಗೆ ತುಂಬಿರುವ ವಸ್ತು ಅಂತ ಅವರು ಅಂದುಕೊಂಡಿರುತ್ತಾರೆ. ಪಾಠದ ಬಲ ಹಾಗಲ್ಲ. ಅದು ಎರಡು ವಸ್ತುಗಳ ನಡುವೆ ನಡೆಯುವ ಕೆಲಸ. ಕೈ ಚೆಂಡನ್ನು ತಳ್ಳಿತು. ಹಗ್ಗ ಬಿಂದಿಗೆಯನ್ನು ಎಳೆಯಿತು. ಯಾವಾಗಲೂ ‘ಯಾರು, ಯಾರನ್ನು?’ ಅಂತ ಕೇಳುವ ಅಭ್ಯಾಸ ಮಾಡಿಸಿದರೆ ಈ ತೊಡಕು ತಾನಾಗಿ ಬಿಡಿಸಿಕೊಳ್ಳುತ್ತೆ.

ಅದಕ್ಕೇ ನಾನು ಮೊದಲು ‘ಬಲ’ ಅನ್ನುವ ಪದವನ್ನೇ ಎತ್ತುವುದಿಲ್ಲ. ಮಕ್ಕಳ ಬಾಯಲ್ಲಿ ಆಗಲೇ ಇರುವ ಪದಗಳು ಎಷ್ಟೊಂದಿವೆ ನೋಡಿ. ತಳ್ಳು, ನೂಕು, ದಬ್ಬು, ಒತ್ತು, ಒದಿ. ಕರಾವಳಿಯ ಕಡೆ ದೂಡು ಅನ್ನುತ್ತಾರೆ. ಇನ್ನೊಂದು ಕಡೆ ಎಳೆ, ಸೆಳೆ, ಸೇದು. ಉತ್ತರ ಕರ್ನಾಟಕದಲ್ಲಿ ಜಗ್ಗು. ಗೋಡೆಗೆ ಒಂದು ಹಾಳೆ ಅಂಟಿಸಿ, ನಡುವೆ ಗೆರೆ ಎಳೆದು, ಮನೆಯವರೆಲ್ಲ ಸೇರಿ ಈ ಪದಗಳನ್ನು ಎರಡು ಕಡೆ ಹಂಚಿ. ಅಜ್ಜಿಯನ್ನೂ ಕೂರಿಸಿಕೊಳ್ಳಿ. ಬಾವಿಯಿಂದ ನೀರು ಸೇದುವುದು ಹೇಗೆ ಅಂತ ಕೈಯಾಡಿಸಿ ತೋರಿಸಲು ಅವರಿಗಿಂತ ಒಳ್ಳೆಯ ಮೇಷ್ಟ್ರು ಸಿಗುವುದಿಲ್ಲ.

ಗುರುತಿಸುವ ದಾರಿ ಸುಲಭ. ವಸ್ತುವನ್ನು ನಿನ್ನಿಂದ ಆಚೆ ಕಳಿಸಲು ನೋಡಿದೆಯಾ? ಅದು ತಳ್ಳುವುದು. ನಿನ್ನ ಕಡೆಗೆ ತಂದುಕೊಳ್ಳಲು ನೋಡಿದೆಯಾ? ಅದು ಎಳೆಯುವುದು. ಕೆಲವು ಕೆಲಸಗಳಲ್ಲಿ ಎರಡೂ ಇರುತ್ತೆ. ಚಪಾತಿ ಲಟ್ಟಿಸುವಾಗ ಲಟ್ಟಣಿಗೆ ಆಚೆ ಹೋಗಿ ಈಚೆ ಬರುತ್ತೆ. ಗರಗಸವೂ ಹಾಗೇ. ಇಂಥವು ಸಿಕ್ಕಾಗ ಮಕ್ಕಳು ‘ಎರಡೂ!’ ಅಂತ ಕೂಗುತ್ತಾರೆ. ಆ ಕೂಗು ಕೇಳಿದರೆ ಅವರಿಗೆ ಅರ್ಥವಾಗಿದೆ ಅಂತ ಲೆಕ್ಕ.

ಬಲ ಏನೇನು ಮಾಡಬಲ್ಲದು? ನಿಂತಿದ್ದನ್ನು ಹೊರಡಿಸುತ್ತೆ. ಹೋಗುತ್ತಿರುವುದನ್ನು ಜೋರು ಮಾಡುತ್ತೆ, ನಿಧಾನ ಮಾಡುತ್ತೆ, ನಿಲ್ಲಿಸುತ್ತೆ, ದಾರಿ ತಿರುಗಿಸುತ್ತೆ. ಹಿಟ್ಟಿನ ಉಂಡೆಯನ್ನು ಒತ್ತಿದರೆ ಆಕಾರ ಬದಲಿಸುತ್ತೆ. ಕ್ರಿಕೆಟ್‌ನ ಒಂದು ಚೆಂಡಿನಲ್ಲೇ ಇವೆಲ್ಲ ಸಿಗುತ್ತೆ. ಎಸೆದವರು ಹೊರಡಿಸಿದರು, ಬ್ಯಾಟು ದಿಕ್ಕು ತಿರುಗಿಸಿತು, ಹಿಡಿದವರ ಕೈ ನಿಲ್ಲಿಸಿತು.

ಯಾರೂ ಹಿಡಿಯದಿದ್ದರೆ? ಅಲ್ಲಿಗೇ ಬರೋಣ.

ದೊಡ್ಡವರೂ ಎಡವಿದ ಜಾಗ

ಗ್ರೀಸಿನ ಅರಿಸ್ಟಾಟಲ್ ಸುಮಾರು 2,300 ವರ್ಷಗಳ ಹಿಂದೆ ಇದೇ ಪ್ರಶ್ನೆಗೆ ಒಂದು ಉತ್ತರ ಕೊಟ್ಟ. ವಸ್ತು ಚಲಿಸುತ್ತಿರಬೇಕಾದರೆ ಅದನ್ನು ಏನಾದರೂ ದೂಡುತ್ತಲೇ ಇರಬೇಕು, ದೂಡುವುದು ನಿಂತರೆ ವಸ್ತುವೂ ನಿಲ್ಲುತ್ತೆ ಅನ್ನುವುದು ಅವನ ಎಣಿಕೆ. ನೋಡಲು ಸರಿ ಅನ್ನಿಸುತ್ತೆ, ಅಲ್ವಾ? ಎತ್ತು ನಿಂತರೆ ಗಾಡಿ ನಿಲ್ಲುತ್ತೆ. ಇಂದಿಗೂ ಹೆಚ್ಚಿನ ಮಕ್ಕಳು ಹೇಳುವುದು ಇದನ್ನೇ: “ನಾನು ಕೊಟ್ಟ ಶಕ್ತಿ ಖಾಲಿ ಆಯ್ತು, ಅದಕ್ಕೇ ನಿಂತಿತು.”

17ನೇ ಶತಮಾನದ ಶುರುವಿನಲ್ಲಿ ಇಟಲಿಯ ಗೆಲಿಲಿಯೋ ಇಳಿಜಾರಿನಲ್ಲಿ ಗುಂಡು ಉರುಳಿಸಿ ನೋಡಿದ. ದಾರಿ ನುಣುಪಾದಷ್ಟೂ ಗುಂಡು ಜಾಸ್ತಿ ದೂರ ಹೋಗುತ್ತೆ. ಹಾಗಾದರೆ ದಾರಿ ಪೂರ್ತಿ ನುಣುಪಾಗಿದ್ದರೆ? ನಿಲ್ಲಲೇಬಾರದು. 1687ರಲ್ಲಿ ಐಸಾಕ್ ನ್ಯೂಟನ್ ಇದನ್ನು ನಿಯಮವಾಗಿ ಬರೆದಿಟ್ಟ. ಹೋಗುತ್ತಿರುವ ವಸ್ತು ತಾನಾಗಿ ನಿಲ್ಲುವುದಿಲ್ಲ. ಅದು ನಿಂತಿತು ಅಂದರೆ ಯಾವುದೋ ಬಲ ಅದನ್ನು ನಿಲ್ಲಿಸಿದೆ.

ಮಗುವಿಗೆ ಹೇಳಬೇಕಾದ್ದು ಇಷ್ಟು: “ಚೆಂಡು ತಾನಾಗಿ ನಿಲ್ಲಲಿಲ್ಲ ಪುಟ್ಟಾ, ಯಾರೋ ನಿಲ್ಲಿಸಿದರು. ಯಾರು ಅಂತ ಹುಡುಕೋಣ ಬಾ.”

ಒಂದು ಹಲಗೆ, ನಾಲ್ಕು ನೆಲ, ಗೇಣಿನ ಅಳತೆ

ಹುಡುಕಲು ನಾವು ಮಾಡಿದ್ದು ಹೀಗೆ. ಒಂದು ಉದ್ದ ಹಲಗೆಯ ಒಂದು ತುದಿಗೆ ಮೂರು ಪುಸ್ತಕ ಇಟ್ಟು ಜಾರುಬಂಡೆ ಮಾಡಿಕೊಂಡೆವು. ಮೇಲಿನಿಂದ ಆಟದ ಕಾರನ್ನು ಸುಮ್ನೆ ಬಿಡುವುದು, ತಳ್ಳುವ ಹಾಗಿಲ್ಲ. ತಳ್ಳಿದರೆ ಒಂದು ಸಲ ಜೋರು, ಒಂದು ಸಲ ಮೆಲ್ಲಗೆ ಆಗಿ ಲೆಕ್ಕ ತಪ್ಪುತ್ತೆ. ಹಲಗೆ ಮುಗಿದ ಮೇಲೆ ಕಾರು ಎಷ್ಟು ದೂರ ಹೋಯಿತು ಅಂತ ಗೇಣಿನಲ್ಲಿ ಅಳೆಯುವುದು. ಟೇಪು ಬೇಡ. ಮಗುವಿನ ಕೈಯೇ ಅಳತೆಗೋಲು.

ಮೊದಲು ಬರೀ ನೆಲ. ಆಮೇಲೆ ಚಾಪೆ. ಆಮೇಲೆ ಟವೆಲ್. ಕೊನೆಗೆ ಗೋಣಿಚೀಲ. ಪ್ರತಿ ಸಲವೂ ಕಾರು ಬಿಡುವ ಮುಂಚೆ ‘ಎಲ್ಲಿ ನಿಲ್ಲುತ್ತೆ?’ ಅಂತ ಕೇಳಿ, ಅವಳು ಹೇಳಿದ ಕಡೆ ಒಂದು ಹುಣಸೆ ಬೀಜ ಇಡುತ್ತಿದ್ದೆ. ನೆಲದ ಮೇಲೆ ಕಾರು ಹದಿಮೂರು ಗೇಣು ಹೋಗಿ ಸೋಫಾ ಕಾಲಿಗೆ ತಾಗಿತು. ಚಾಪೆಯ ಮೇಲೆ ಏಳು. ಗೋಣಿಚೀಲದ ಮೇಲೆ ಎರಡೇ ಗೇಣಿಗೆ ನಿಂತು, ಚಕ್ರ ನಾರಿನಲ್ಲಿ ಸಿಕ್ಕಿಕೊಂಡಿತು. ಅವಳು ಬಗ್ಗಿ, ಕೆನ್ನೆಯನ್ನು ನೆಲಕ್ಕೆ ಒತ್ತಿ, ಚಕ್ರದ ಬುಡವನ್ನೇ ದಿಟ್ಟಿಸಿದಳು. “ಚೀಲ ಹಿಡ್ಕೊಂಡಿದೆ!” ಅಂದಳು.

ಆಗ ಪದ ಕೊಟ್ಟೆ. ಹಾಗೆ ಹಿಡಿದುಕೊಳ್ಳುವುದಕ್ಕೆ ಘರ್ಷಣೆ ಅನ್ನುತ್ತಾರೆ.

ಈ ಕ್ರಮ ಮುಖ್ಯ. ಮೊದಲು ಊಹೆ, ಆಮೇಲೆ ಮಾಡಿ ನೋಡುವುದು, ಪದ ಕೊನೆಗೆ. ಪದವನ್ನೇ ಮೊದಲು ಕೊಟ್ಟರೆ ಮಗು ಅದನ್ನು ಉರು ಹೊಡೆಯುತ್ತೆ, ನೋಡುವುದನ್ನು ಬಿಡುತ್ತೆ. ಮಾಡುತ್ತಾ ಕಲಿಯುವುದು ನಮಗೆ ಹೊಸದೇನಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಗಿ, ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ ನಲಿಕಲಿ ಪದ್ಧತಿ ನಿಂತಿರುವುದೇ ಇದರ ಮೇಲೆ.

ನುಣುಪು ನೆಲವೂ ಹಿಡಿಯುತ್ತೆ ಯಾಕೆ?

ಗೋಣಿಚೀಲ ಹಿಡಿಯುವುದು ಕಣ್ಣಿಗೆ ಕಾಣುತ್ತೆ. ಹೊಳೆಯುವ ನೆಲವೂ ಆ ಚೆಂಡನ್ನು ಕೊನೆಗೆ ನಿಲ್ಲಿಸಿತಲ್ಲ, ಅದು ಹೇಗೆ?

ಎರಡು ಹಲ್ಲುಜ್ಜುವ ಬ್ರಷ್ ತಗೊಳ್ಳಿ. ಕೂದಲಿನ ಕಡೆ ಮುಖಾಮುಖಿ ಮಾಡಿ ಒತ್ತಿ, ಒಂದನ್ನು ಎಳೆಯಿರಿ. ಕೂದಲಿಗೆ ಕೂದಲು ತಗುಲಿ ತಡೆಯುತ್ತೆ. ಬಲವಾಗಿ ಒತ್ತಿದರೆ ಇನ್ನೂ ಜಾಸ್ತಿ ತಡೆಯುತ್ತೆ. ಯಾವ ನೆಲವೂ, ಯಾವ ಗಾಜೂ ಪೂರ್ತಿ ನುಣುಪಲ್ಲ. ತುಂಬ ಹತ್ತಿರದಿಂದ ನೋಡಿದರೆ ಅಲ್ಲೂ ಸಣ್ಣ ಸಣ್ಣ ಗುಡ್ಡ, ಹಳ್ಳ. ಎರಡು ಮೇಲ್ಮೈ ಸೇರಿದಾಗ ಈ ಗುಡ್ಡಗಳು ಒಂದಕ್ಕೊಂದು ತಗುಲುತ್ತವೆ, ತಾಗಿದ ಕಡೆ ಒಂದಿಷ್ಟು ಅಂಟಿಕೊಳ್ಳುತ್ತವೆ ಕೂಡ. ಭಾರ ಹೆಚ್ಚಾದರೆ ಒತ್ತು ಹೆಚ್ಚು, ಹಿಡಿತವೂ ಹೆಚ್ಚು. ಖಾಲಿ ಅಕ್ಕಿ ಡಬ್ಬ ಮಗು ತಳ್ಳಿದರೆ ಸರಿಯುತ್ತೆ, ತುಂಬಿದ್ದು ಮಿಸುಕುವುದಿಲ್ಲ. ಉರುಳುವ ಚೆಂಡಿಗೂ ನೆಲದ ತಡೆ ಇದ್ದೇ ಇದೆ, ಜೊತೆಗೆ ಗಾಳಿಯ ತಡೆ. ಜಾರುವುದಕ್ಕಿಂತ ಉರುಳುವುದಕ್ಕೆ ತಡೆ ಎಷ್ಟೋ ಕಡಿಮೆ. ಚಕ್ರ ಹುಟ್ಟಿದ್ದೇ ಅದಕ್ಕೆ.

ಊರ ತೇರು ನೋಡಿದ ಮಕ್ಕಳಿಗೆ ಇನ್ನೊಂದು ಸಂಗತಿ ತೋರಿಸಬಹುದು. ತೇರು ಹೊರಡುವ ಆ ಮೊದಲ ಕ್ಷಣ ಎಷ್ಟು ಕಷ್ಟ! ನೂರಾರು ಜನ ಮಿಣಿ ಹಿಡಿದು ಜಗ್ಗಿದರೂ ಮೊದಲು ಅಲುಗಾಡುವುದಿಲ್ಲ. ಒಮ್ಮೆ ಹೊರಟಿತೋ, ಆಮೇಲೆ ಅದನ್ನು ಹಿಡಿದು ನಿಲ್ಲಿಸುವುದೇ ಕೆಲಸ. ಅದಕ್ಕಾಗಿ ಚಕ್ರದ ಅಡಿಗೆ ಮರದ ತುಂಡು ಕೊಡುವವರು ಬೇರೆಯೇ ಇರುತ್ತಾರೆ. ಅಷ್ಟು ಭಾರದ ತೇರನ್ನು ನಿಂತಲ್ಲಿಂದ ಕದಲಿಸಬೇಕು, ಕೂತು ಬೇರು ಬಿಟ್ಟಂತಿರುವ ಆ ಹಿಡಿತವನ್ನೂ ಬಿಡಿಸಬೇಕು. ಮನೆಯಲ್ಲಿ ಬೀರು ಸರಿಸುವಾಗಲೂ ಹೀಗೇ. ಮೊದಲ ತಳ್ಳಿಗೆ ಬೆವರು, ಸರಿಯಲು ಶುರುವಾದ ಮೇಲೆ ಹಗುರ.

ಘರ್ಷಣೆ ಶತ್ರುವಲ್ಲ

ಬಹಳ ಪಾಠಗಳು ಇಲ್ಲಿ ಒಂದು ಪಕ್ಷ ವಹಿಸಿಬಿಡುತ್ತವೆ. ಘರ್ಷಣೆ ಅಂದರೆ ತಡೆ, ತಡೆ ಅಂದರೆ ಕೆಟ್ಟದ್ದು ಅಂತ ಮಗು ಕಲಿತುಬಿಡುತ್ತೆ. ನಮ್ಮ ಅಡುಗೆಮನೆಗಳಿಗೆ ಇದರ ಉತ್ತರ ಎಂದಿನಿಂದಲೋ ಗೊತ್ತಿದೆ.

ಬೀಸುವ ಕಲ್ಲನ್ನೇ ನೋಡಿ. ವರ್ಷಗಟ್ಟಲೆ ರಾಗಿ ಬೀಸಿ ಬೀಸಿ ಕಲ್ಲಿನ ಮುಖ ನಯವಾಗುತ್ತೆ. ಆಗ ಕಲ್ಲು ಸಲೀಸಾಗಿ ತಿರುಗುತ್ತೆ, ಆದರೆ ಹಿಟ್ಟು ಬೀಳುವುದಿಲ್ಲ. ಕಾಳು ಜಾರಿಕೊಂಡು ಹಾಗೇ ಆಚೆ ಬರುತ್ತೆ. ಹಿಂದೆಲ್ಲ ಬೀದಿಯಲ್ಲಿ ಕೂಗುತ್ತಾ ಬರುವವರಿದ್ದರು. ಉಳಿ, ಸುತ್ತಿಗೆ ಹಿಡಿದು ಜಗಲಿಯಲ್ಲಿ ಕೂತು, ಟಕ್ ಟಕ್ ಅಂತ ಕಲ್ಲಿನ ಮುಖದ ತುಂಬ ಸಣ್ಣ ಕಚ್ಚು ಮೂಡಿಸಿ, ಮತ್ತೆ ಒರಟು ಮಾಡಿಕೊಡುತ್ತಿದ್ದರು. ಕಳೆದುಹೋದ ಘರ್ಷಣೆಯನ್ನು ಕಲ್ಲಿಗೆ ವಾಪಸ್ ತಂದುಕೊಡುವುದೇ ಅವರ ಕಸುಬು. ಮನೆಯಲ್ಲಿ ಹಳೇ ಒರಳೋ ಬೀಸುಕಲ್ಲೋ ಇದ್ದರೆ ಮಗುವಿನ ಬೆರಳನ್ನು ಅದರ ಮೇಲೆ ಆಡಿಸಿ. ಆ ಕಚ್ಚುಗಳು ಇನ್ನೂ ಕೈಗೆ ಸಿಗುತ್ತವೆ.

ಘರ್ಷಣೆಯಿಂದ ಬಿಸಿ ಹುಟ್ಟುತ್ತೆ. ಅಂಗೈ ಉಜ್ಜಿ ಕೆನ್ನೆಗೆ ಇಟ್ಟುಕೊಂಡರೆ ಮಗುವಿಗೆ ಅರ್ಧ ನಿಮಿಷದಲ್ಲಿ ತಿಳಿಯುತ್ತೆ. ಇದೇ ಬಿಸಿಯನ್ನು ದುಡಿಸಿಕೊಳ್ಳುವುದನ್ನು ನೋಡಬೇಕಾದರೆ ಬೆಂಗಳೂರು–ಮೈಸೂರು ದಾರಿಯ ಚನ್ನಪಟ್ಟಣಕ್ಕೆ ಕರೆದುಕೊಂಡು ಹೋಗಿ. ಅಲ್ಲಿನ ಗೊಂಬೆಗೆ ಬಣ್ಣವನ್ನು ಕುಂಚದಿಂದ ಬಳಿಯುವುದಿಲ್ಲ. ಹಾಲೆ ಮರದ ತುಂಡನ್ನು ಯಂತ್ರಕ್ಕೆ ಸಿಕ್ಕಿಸಿ ಗಿರಗಿರ ತಿರುಗಿಸುತ್ತಾರೆ. ತಿರುಗುತ್ತಿರುವ ಮರಕ್ಕೆ ಬಣ್ಣ ಬೆರೆಸಿದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರದ ಮೈಗೆ ಹತ್ತಿಕೊಳ್ಳುತ್ತೆ. ಆಮೇಲೆ ಒಣಗಿದ ತಾಳೆ ಗರಿಯೊಂದನ್ನು ಒತ್ತಿ ಹಿಡಿದರೆ ಬಣ್ಣ ಹದವಾಗಿ ಹರಡಿ ಹೊಳಪು ಬರುತ್ತೆ. ಬೆಂಕಿ ಇಲ್ಲ, ಒಲೆ ಇಲ್ಲ. ಕರಗಿಸುವುದು ಘರ್ಷಣೆಯೊಂದೇ. ನಿಮ್ಮ ಮನೆಯ ಬುಗುರಿಯೋ ಗಿಲಕಿಯೋ ಅಲ್ಲಿಂದ ಬಂದಿದ್ದರೆ, ಅದರ ಹೊಳಪೇ ಈ ಪಾಠದ ಸಾಕ್ಷಿ.

ಮಳೆಗಾಲದ ಮಲೆನಾಡಿನಲ್ಲಿ ಘರ್ಷಣೆ ಅಂದರೆ ಕೈಕಾಲು ಮುರಿಯದೆ ಉಳಿಯುವ ವಿಚಾರ. ಅಂಗಳದಲ್ಲಿ ಪಾಚಿ ಕಟ್ಟುತ್ತೆ. ನೀರು, ಪಾಚಿ ಎರಡೂ ಕಾಲಿಗೂ ನೆಲಕ್ಕೂ ನಡುವೆ ನುಸುಳಿ ಗುಡ್ಡಗಳು ಒಂದಕ್ಕೊಂದು ತಗುಲದಂತೆ ಮಾಡುತ್ತವೆ. ಅದಕ್ಕೇ ಓಡಾಡುವ ಜಾಗದಲ್ಲಿ ಅಡಿಕೆ ಸೋಗೆ ಹಾಸುತ್ತಾರೆ. ಮರ ಹತ್ತುವವರು ಪಾದಗಳಿಗೆ ತಳೆ (ಬಳೆಯಂತೆ ಸುತ್ತಿದ ಹಗ್ಗ) ಹಾಕಿಕೊಳ್ಳುವುದೂ ಇದಕ್ಕೇ: ಕಾಲನ್ನು ಕಾಂಡಕ್ಕೆ ಒತ್ತಿ ಹಿಡಿದರೆ ಹಿಡಿತ ಹೆಚ್ಚು. ಬೈಕಿನ ಟೈರ್ ಸವೆದು ನುಣುಪಾದರೆ ಬದಲಿಸಬೇಕು ಅನ್ನುವುದೂ ಇದೇ ಲೆಕ್ಕ. ಟೈರಿನ ಗೀರುಗಳಿರುವುದು ಅಡಿಗೆ ಸಿಕ್ಕ ನೀರನ್ನು ಆಚೆ ಹಾಕಲು.

ಬೇಡದ ಕಡೆ ಘರ್ಷಣೆ ಕಡಿಮೆ ಮಾಡುವ ಉಪಾಯಗಳೂ ಹಳೆಯವೇ. ಎತ್ತಿನ ಗಾಡಿಯ ಅಚ್ಚಿಗೆ ಹಾಕುವ ಎಣ್ಣೆಗೆ ಕನ್ನಡದಲ್ಲಿ ಬೇರೆ ಹೆಸರೇ ಇದೆ, ಕೀಲೆಣ್ಣೆ. ಕಿರುಗುಟ್ಟುವ ಬಾಗಿಲಿಗೆ ಎರಡು ತೊಟ್ಟು ಕೊಬ್ಬರಿ ಎಣ್ಣೆಯನ್ನು ಮಗುವಿನ ಕೈಯಲ್ಲೇ ಹಾಕಿಸಿ. ಕೇರಂ ಬೋರ್ಡಿಗೆ ಪುಡಿ ಹಾಕದೆ ಒಂದು ಆಟ, ಹಾಕಿ ಒಂದು ಆಟ ಆಡಿಸಿ. ಎರಡಕ್ಕೂ ಇರುವ ಅಂತರ ಸ್ಟ್ರೈಕರ್ ಹಿಡಿದ ಬೆರಳಿಗೇ ಗೊತ್ತಾಗುತ್ತೆ.

ಘರ್ಷಣೆಯೇ ಇಲ್ಲದ ಕಡೆ

ಏಳೆಂಟು ವರ್ಷದವರು ಇಲ್ಲಿಗೆ ಸುಮ್ಮನಾಗುವುದಿಲ್ಲ. “ಹಾಗಾದ್ರೆ ಹಿಡಿಯೋರೇ ಇಲ್ಲದ ಕಡೆ ತಳ್ಳಿದ್ರೆ?” ಅಂತ ಕೇಳುತ್ತಾರೆ. ಇದಕ್ಕೆ ಒಳ್ಳೆಯ ಉದಾಹರಣೆ ನಮ್ಮ ಕೈಯಲ್ಲೇ ಇದೆ. ಚಂದ್ರಯಾನ-3 ನೌಕೆ 2023ರ ಆಗಸ್ಟ್ 1ರಂದು ಭೂಮಿಯ ಸುತ್ತು ಬಿಟ್ಟು ಚಂದ್ರನ ಕಡೆಗೆ ಹೊರಟಿತು. ಆಗಸ್ಟ್ 5ರಂದು ಚಂದ್ರನ ಸುತ್ತಿಗೆ ಸೇರಿತು. ದಾರಿಯುದ್ದಕ್ಕೂ ಎಂಜಿನ್ ಉರಿಯುತ್ತಿರಲಿಲ್ಲ. ಹೊರಡುವಾಗ ಒಂದು ದೊಡ್ಡ ತಳ್ಳು, ಅಷ್ಟೇ. ಅಲ್ಲಿ ನೆಲವಿಲ್ಲ, ಗಾಳಿಯಿಲ್ಲ, ಹಿಡಿದು ನಿಲ್ಲಿಸುವ ಗೋಣಿಚೀಲವಿಲ್ಲ. ಭೂಮಿ ಹಿಂದಕ್ಕೆ ಎಳೆಯುತ್ತಿತ್ತು, ಹತ್ತಿರ ಹೋದಂತೆ ಚಂದ್ರ ತನ್ನ ಕಡೆಗೆ ಎಳೆಯಿತು. ಚಂದ್ರನ ಬಳಿ ಬಂದಾಗ ವೇಗ ಕಡಿಮೆ ಮಾಡಲು ಮತ್ತೆ ಎಂಜಿನ್ ಹಚ್ಚಬೇಕಾಯಿತು. ನಿಲ್ಲಿಸುವುದಕ್ಕೂ ಬಲ ಬೇಕು ಅನ್ನುವುದು ಮಗುವಿಗೆ ಇಲ್ಲಿ ಚೆನ್ನಾಗಿ ಹೊಳೆಯುತ್ತೆ.

ಮುಟ್ಟದೆ ಎಳೆಯುವ ಕಲ್ಲು

ಇಲ್ಲಿಯವರೆಗೆ ನೋಡಿದ ತಳ್ಳು, ಎಳೆ ಹೆಚ್ಚಾಗಿ ಮುಟ್ಟಿ ಮಾಡುವಂಥವು. ಮುಟ್ಟದೆಯೂ ಎಳೆಯಬಹುದು. ಕೈಬಿಟ್ಟ ಚೆಂಡನ್ನು ಭೂಮಿ ಎಳೆದುಕೊಳ್ಳುವುದು ಹಾಗೇ. ಅದು ದಿನವೂ ಕಾಣುವುದರಿಂದ ಮಕ್ಕಳಿಗೆ ಅಚ್ಚರಿ ಆಗುವುದಿಲ್ಲ. ಅಚ್ಚರಿ ಹುಟ್ಟಿಸುವುದು ಅಯಸ್ಕಾಂತ. ನನಗೆ ಅದರ ಹಳೆಯ ಹೆಸರೇ ಇಷ್ಟ, ಸೂಜಿಗಲ್ಲು. ಸೂಜಿಯನ್ನು ಸೆಳೆಯುವ ಕಲ್ಲು. ಮಗುವಿಗೆ ಹೆಸರಿನಲ್ಲೇ ಪಾಠ ಸಿಗುತ್ತೆ.

ಮೊದಲ ದಿನ ಏನೂ ಹೇಳಬೇಡಿ. ಕೈಗೆ ಒಂದು ಸೂಜಿಗಲ್ಲು ಕೊಟ್ಟು ಮನೆಯೆಲ್ಲ ಸುತ್ತಲು ಬಿಡಿ. ಮೊಬೈಲು, ಟಿವಿ, ಬ್ಯಾಂಕ್ ಕಾರ್ಡಿನ ಹತ್ತಿರ ಮಾತ್ರ ಬೇಡ. ಎದೆಯಲ್ಲಿ ಪೇಸ್‌ಮೇಕರ್ ಇರುವವರ ಹತ್ತಿರವೂ ಬೇಡ. ಒಂದು ಗಂಟೆಯಲ್ಲಿ ಮಗು ತಾನೇ ಬಂದು ಹೇಳುತ್ತೆ: ಕಿಟಕಿಯ ಸರಳು ಹೌದು, ಮರ ಇಲ್ಲ, ಪ್ಲಾಸ್ಟಿಕ್ ಬಕೆಟ್ ಇಲ್ಲ.

ಆಗ ಎಲ್ಲ ಲೋಹವೂ ಅಂಟುತ್ತೆ ಅಂತ ಮಗು ತೀರ್ಮಾನಿಸಿರುತ್ತೆ. ಅದು ತಪ್ಪು ಅಂತ ಬಾಯಲ್ಲಿ ಹೇಳುವ ಬದಲು ದೇವರ ಮನೆಯ ಹಿತ್ತಾಳೆ ದೀಪ, ತಾಮ್ರದ ಚೊಂಬು, ಅಲ್ಯೂಮಿನಿಯಂ ಪಾತ್ರೆ ಮುಂದಿಡಿ. ಯಾವುದೂ ಅಂಟುವುದಿಲ್ಲ. ದಿನಬಳಕೆಯ ಲೋಹಗಳಲ್ಲಿ ಸೂಜಿಗಲ್ಲಿಗೆ ಚೆನ್ನಾಗಿ ಅಂಟುವುದು ಕಬ್ಬಿಣ, ಮತ್ತೆ ಕಬ್ಬಿಣದಿಂದಾದ ಉಕ್ಕು. ನಿಕ್ಕಲ್, ಕೋಬಾಲ್ಟ್ ಕೂಡ ಅಂಟುತ್ತವೆ, ಅವು ಬಿಡಿಯಾಗಿ ಮನೆಯಲ್ಲಿ ಸಿಗುವುದು ಅಪರೂಪ. ಸ್ಟೀಲ್ ಪಾತ್ರೆಗಳಲ್ಲಿ ಕೆಲವು ಅಂಟುತ್ತವೆ, ಕೆಲವು ಅಂಟುವುದಿಲ್ಲ. ಬೆರೆಸಿದ ಲೋಹಗಳು ಬೇರೆ ಬೇರೆ ಆಗಿರುವುದೇ ಇದಕ್ಕೆ ಕಾರಣ. ಇಂಡಕ್ಷನ್ ಒಲೆಗೆ ಪಾತ್ರೆ ಕೊಳ್ಳುವಾಗ ತಳಕ್ಕೆ ಸೂಜಿಗಲ್ಲು ಹಿಡಿದು ನೋಡುವುದೂ ಇದರಿಂದಲೇ. ಚಿಲ್ಲರೆ ಡಬ್ಬ ಸುರಿದುಕೊಂಡರೆ ಇನ್ನೂ ಮಜಾ. ಈಗ ಓಡಾಡುವ ಸ್ಟೀಲಿನ 1 ಮತ್ತು 2 ರೂಪಾಯಿ ನಾಣ್ಯ ಟಕ್ ಅಂತ ಅಂಟುತ್ತವೆ. ಹಿತ್ತಾಳೆ ಬಣ್ಣದ 5 ರೂಪಾಯಿ ಅಂಟುವುದಿಲ್ಲ. ಅಜ್ಜನ ಡಬ್ಬದ ಹಳೇ 10 ಪೈಸೆ, 20 ಪೈಸೆಯ ಅಲ್ಯೂಮಿನಿಯಂ ನಾಣ್ಯಗಳೂ ಇಲ್ಲ.

ಮಣ್ಣಿನಲ್ಲೂ ಹುಡುಕಿಸಿ. ಸೂಜಿಗಲ್ಲನ್ನು ಪ್ಲಾಸ್ಟಿಕ್ ಕವರಿನೊಳಗೆ ಹಾಕಿ ಒಣ ಮರಳಿನಲ್ಲಿ ಎಳೆದಾಡಿದರೆ ಬಹಳ ಕಡೆ ಸಣ್ಣ ಕಪ್ಪು ಕಣಗಳು ಮೀಸೆಯ ಹಾಗೆ ನಿಲ್ಲುತ್ತವೆ. ಅದರಲ್ಲಿ ಹೆಚ್ಚಿನದು ಮ್ಯಾಗ್ನಟೈಟ್ ಅನ್ನುವ ಕಬ್ಬಿಣದ ಅದಿರು. ಕುದುರೆಮುಖದ ಗುಡ್ಡಗಳಲ್ಲಿ 2005ರ ಕೊನೆಯವರೆಗೆ ತೆಗೆಯುತ್ತಿದ್ದುದು ಇದೇ ಅದಿರನ್ನು. ಬಳ್ಳಾರಿ, ಸಂಡೂರಿನ ಕೆಂಪು ಅದಿರಿನಲ್ಲಿ ಹೆಮಟೈಟ್ ಜಾಸ್ತಿ. ಅದೂ ಕಬ್ಬಿಣದ ಅದಿರೇ, ಆದರೆ ಮನೆಯ ಸೂಜಿಗಲ್ಲಿಗೆ ಅಷ್ಟಾಗಿ ಅಂಟುವುದಿಲ್ಲ.

ಸೂಜಿಗಲ್ಲು ತಳ್ಳುತ್ತೆ ಕೂಡ

ಎಳೆಯುವುದೊಂದೇ ಸೂಜಿಗಲ್ಲಿನ ಕೆಲಸ ಅಂತ ಎಷ್ಟೋ ಮಕ್ಕಳು ಅಂದುಕೊಂಡಿರುತ್ತಾರೆ. ಎರಡು ಸೂಜಿಗಲ್ಲು ಕೊಡಿ. ಒಂದು ಕಡೆಯಿಂದ ಹತ್ತಿರ ತಂದರೆ ಹಾರಿ ಬಂದು ಅಂಟುತ್ತೆ. ತಿರುಗಿಸಿ ತಂದರೆ ಅಂಟಲು ಒಪ್ಪುವುದೇ ಇಲ್ಲ. ನಡುವೆ ಕಾಣದ ರಬ್ಬರ್ ಚೆಂಡು ಇದ್ದಂತೆ ಬೆರಳಿಗೆ ಅನ್ನಿಸುತ್ತೆ. ನನ್ನ ಮಗಳು ನಡುವಿನ ಜಾಗದಲ್ಲಿ ಬೆರಳಾಡಿಸಿ ಏನಿದೆ ಅಂತ ಹುಡುಕಿದಳು. ತಳ್ಳು, ಎಳೆ ಎರಡನ್ನೂ ಒಂದೇ ವಸ್ತುವಿನಲ್ಲಿ, ಮುಟ್ಟದೆಯೇ ತೋರಿಸಲು ಇದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ.

ಪ್ರತಿ ಸೂಜಿಗಲ್ಲಿಗೂ ಎರಡು ತುದಿ: ಉತ್ತರ ಧ್ರುವ, ದಕ್ಷಿಣ ಧ್ರುವ. ಬೇರೆ ಬೇರೆ ಧ್ರುವಗಳು ಸೆಳೆಯುತ್ತವೆ, ಒಂದೇ ತರದವು ದೂರ ತಳ್ಳುತ್ತವೆ. ಮಧ್ಯಕ್ಕೆ ಮುರಿದರೂ ಪ್ರತಿ ತುಂಡಿಗೂ ಮತ್ತೆ ಎರಡು ಧ್ರುವ ಬಂದಿರುತ್ತೆ.

ಯಾಕೆ ಹೀಗೆ? ಶಾಲೆಯ ಮೈದಾನ ನೆನಪಿಸಿಕೊಳ್ಳಿ. ಗಂಟೆ ಹೊಡೆಯುವ ಮುಂಚೆ ಮಕ್ಕಳು ಒಬ್ಬೊಬ್ಬರು ಒಂದೊಂದು ಕಡೆ ಮುಖ ಮಾಡಿರುತ್ತಾರೆ. ಪ್ರಾರ್ಥನೆಯ ಗಂಟೆ ಹೊಡೆದರೆ ಸಾಲಾಗಿ ಒಂದೇ ಕಡೆ ತಿರುಗುತ್ತಾರೆ. ಕಬ್ಬಿಣದೊಳಗೂ ಅಸಂಖ್ಯ ಪುಟ್ಟ ಸೂಜಿಗಲ್ಲುಗಳಂಥ ಭಾಗಗಳಿವೆ. ಮಾಮೂಲಿ ಮೊಳೆಯಲ್ಲಿ ಅವು ದಿಕ್ಕಾಪಾಲು, ಒಂದರ ಸೆಳೆತವನ್ನು ಇನ್ನೊಂದು ಅಳಿಸಿಹಾಕುತ್ತೆ. ಸೂಜಿಗಲ್ಲಿನಲ್ಲಿ ಅವು ಸಾಲಾಗಿ ನಿಂತಿವೆ, ಎಲ್ಲದರ ಸೆಳೆತ ಒಟ್ಟುಗೂಡುತ್ತೆ. ಜೋರಾಗಿ ಕಾಸಿದರೆ, ಮತ್ತೆ ಮತ್ತೆ ಬೀಳಿಸಿದರೆ ಸಾಲು ಕೆಡುತ್ತೆ, ಸೆಳೆತ ಕುಗ್ಗುತ್ತೆ. ದೊಡ್ಡ ಸೂಜಿಗಲ್ಲಿಗೇ ಶಕ್ತಿ ಜಾಸ್ತಿ ಅನ್ನುವುದೂ ನಿಜವಲ್ಲ. ಯಾವ ಲೋಹದ್ದು, ಸಾಲು ಎಷ್ಟು ಗಟ್ಟಿ ಅನ್ನುವುದೂ ಲೆಕ್ಕಕ್ಕೆ ಬರುತ್ತೆ.

ಇದನ್ನು ಮಾತ್ರ ಮರೆಯಬೇಡಿ

ಮುತ್ತಿನಷ್ಟು ಚಿಕ್ಕದಾದ, ಬಹಳ ಸೆಳೆತದ ನಿಯೋಡಿಮಿಯಂ ಸೂಜಿಗಲ್ಲುಗಳು ಆಟಿಕೆಗಳಲ್ಲಿ, ಆಟದ ಗೋಲಿಗಳ ಸರದಲ್ಲಿ ಬರುತ್ತವೆ. ಮಕ್ಕಳ ಕೈಗೆ ಇವು ಸಿಗಲೇಬಾರದು. ಮಗು ಎರಡು ನುಂಗಿದರೆ, ಅಥವಾ ಒಂದು ಸೂಜಿಗಲ್ಲು ಜೊತೆಗೊಂದು ಕಬ್ಬಿಣದ ಚೂರು ನುಂಗಿದರೆ, ಅವು ಕರುಳಿನ ಎರಡು ಮಡಿಕೆಗಳ ಆಚೀಚೆ ಇದ್ದು ಒಂದನ್ನೊಂದು ಸೆಳೆಯುತ್ತವೆ. ನಡುವೆ ಸಿಕ್ಕ ಕರುಳಿನ ಗೋಡೆಗೆ ರಕ್ತ ಹರಿಯದೆ ತೂತು ಬೀಳಬಹುದು. ಶುರುವಿನಲ್ಲಿ ಬರೀ ಹೊಟ್ಟೆನೋವು, ವಾಂತಿಯಂತೆ ಕಾಣುತ್ತೆ. ಕೆಲವೊಮ್ಮೆ ಏನೂ ಕಾಣುವುದಿಲ್ಲ. ನುಂಗಿದೆ ಅನ್ನುವ ಅನುಮಾನ ಬಂದರೂ ಕಾಯಬೇಡಿ. ವಾಂತಿ ಮಾಡಿಸಲು ಹೋಗಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ, ಸೂಜಿಗಲ್ಲು ಅಂತ ಸ್ಪಷ್ಟವಾಗಿ ಹೇಳಿ.

ಕಲಿಸಲು ಅಂಗೈ ತುಂಬುವಷ್ಟು ದೊಡ್ಡ, ಪ್ಲಾಸ್ಟಿಕ್ ಹೊದಿಕೆಯ ಸೂಜಿಗಲ್ಲು ಸಾಕು. 2021ರ ಜನವರಿ 1ರಿಂದ ಭಾರತದಲ್ಲಿ ಮಾರುವ ಹೆಚ್ಚಿನ ಆಟಿಕೆಗಳಿಗೆ ಐಎಸ್‌ಐ ಮುದ್ರೆ ಕಡ್ಡಾಯ. ಕೊಳ್ಳುವಾಗ ಮುದ್ರೆ ನೋಡಿ. ಆಟ ಮುಗಿದ ಮೇಲೆ ಎಣಿಸಿ ಎತ್ತಿಡಿ. ನಾಣ್ಯ, ಹುಣಸೆ ಬೀಜಗಳನ್ನೂ ಎಣಿಸಿಯೇ ಎತ್ತಿಡಿ.

ಸೂಜಿ, ಎಲೆ, ಒಂದು ಬಟ್ಟಲು ನೀರು

ಕೊನೆಗೊಂದು ಪ್ರಯೋಗ. ಸೂಜಿ ಹಿಡಿಯುವುದು ದೊಡ್ಡವರ ಕೆಲಸ. ಹೊಲಿಗೆ ಸೂಜಿಯನ್ನು ಮೇಜಿನ ಮೇಲಿಟ್ಟು, ಸೂಜಿಗಲ್ಲಿನ ಒಂದೇ ತುದಿಯಿಂದ, ಒಂದೇ ದಿಕ್ಕಿಗೆ ನಲವತ್ತು ಸಲ ಉಜ್ಜಿ. ವಾಪಸ್ ಬರುವಾಗ ಸೂಜಿಗಲ್ಲನ್ನು ಮೇಲೆತ್ತಿಕೊಂಡು ಬನ್ನಿ, ಹಿಂದೆ ಮುಂದೆ ತಿಕ್ಕಿದರೆ ಕಟ್ಟಿದ ಸಾಲು ಕೆಡುತ್ತೆ. ಲೆಕ್ಕ ಮಗು ಇಡಲಿ. ಈಗ ಸೂಜಿಯ ಒಳಗಿನ ಮಕ್ಕಳೂ ಪ್ರಾರ್ಥನೆಗೆ ನಿಂತಿರುತ್ತಾರೆ. ಪ್ಲಾಸ್ಟಿಕ್ ಬಟ್ಟಲಿಗೆ ನೀರು ಹಾಕಿ, ಒಂದು ಚೂರು ವೀಳ್ಯದೆಲೆ ತೇಲಿಬಿಟ್ಟು ಅದರ ಮೇಲೆ ಸೂಜಿ ಇಡಿ. ಸ್ಟೀಲ್ ಬಟ್ಟಲು ಬೇಡ, ಸೂಜಿಗಲ್ಲನ್ನೂ ದೂರ ಇಡಿ.

ಎಲೆ ಮೆಲ್ಲಗೆ ತಿರುಗುತ್ತೆ. ಉತ್ತರ–ದಕ್ಷಿಣಕ್ಕೆ ಬಂದು ನಿಲ್ಲುತ್ತೆ. ಬೆರಳಿಂದ ಬೇರೆ ಕಡೆ ತಿರುಗಿಸಿ ಬಿಟ್ಟರೆ ಮತ್ತೆ ಅಲ್ಲಿಗೇ ಬರುತ್ತೆ.

ಮಗಳು ಐದಾರು ಸಲ ತಿರುಗಿಸಿ ನೋಡಿದಳು. ಆಮೇಲೆ ಬಟ್ಟಲಿನ ಸುತ್ತ, ಮೇಜಿನ ಅಡಿ, ನನ್ನ ಕೈಗಳನ್ನೆಲ್ಲ ನೋಡಿ ಕೇಳಿದಳು: “ಇದನ್ನ ಯಾರು ತಿರುಗಿಸ್ತಿರೋದು?”

ಭೂಮಿ, ಅಂದೆ. ಭೂಮಿಯೇ ಒಂದು ದೊಡ್ಡ ಸೂಜಿಗಲ್ಲಿನ ಹಾಗೆ ಇದೆ ಅಂತ ಇಂಗ್ಲೆಂಡಿನ ವಿಲಿಯಂ ಗಿಲ್ಬರ್ಟ್ 1600ರಲ್ಲೇ ಹೇಳಿದ್ದ. ಭೂಮಿಯ ಆಳದಲ್ಲಿ ಕರಗಿದ ಕಬ್ಬಿಣ ಹರಿದಾಡುತ್ತಿದೆ, ಆ ಸೆಳೆತ ಹುಟ್ಟುವುದು ಅಲ್ಲಿಂದ. ಅವಳು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ನೀರು ಚೆಲ್ಲದಂತೆ ಹೆಜ್ಜೆ ಇಡುತ್ತಾ, ಅಂಗಳದಲ್ಲೂ ಸೂಜಿ ಅದೇ ಕಡೆ ತೋರಿಸುತ್ತಾ ಅಂತ ನೋಡಲು ಹೊರಗೆ ಹೋದಳು.